ಕರಿಕಾಯಿ ಹಿಡಿದ ಮಲ್ಲಬ್ಬೆ

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ ಹೊನ್ನಕೋಟೆ ಎಂಬ ರಾಜ್ಯವಿತ್ತು. ಒಂದು ದಿನ ಅದರ ಹೆಬ್ಬಾಗಿಲಿಗೆ ಬೆಳ್ಗಣ್ಣನೆಂಬ ಮಾಂತ್ರಿಕ ಬಂದ. ಅಂಗಳದಷ್ಟು ದೊಡ್ಡ ಚದುರಂಗದ ಹಾಸು ಬಿಡಿಸಿದ. ಅದರ ಮೇಲಿನ ಆನೆ, ಕುದುರೆ, ಒಂಟೆಗಳಿಗೆಲ್ಲ ಜೀವವಿತ್ತು.

"ಬಿಳಿಕಾಯಿ ನನ್ನದು, ಮೊದಲ ನಡೆಯೂ ನನ್ನದು. ಮೂರು ದಿನ ಮೂರು ಆಟ. ಒಂದನ್ನಾದರೂ ಗೆಲ್ಲಿ, ಹೋಗಿಬಿಡುತ್ತೇನೆ. ಸೋತವರು ಕಲ್ಲು, ಮೂರೂ ಸೋತರೆ ಊರಿಗೆ ಊರೇ ಕಲ್ಲು" ಎಂದ.

ಮೊದಲ ದಿನ ಸೇನಾಪತಿ ಆಡಿದ. ಆತುರದಲ್ಲಿ ಮುನ್ನುಗ್ಗಿ ಸೋತು ಕಲ್ಲಾದ. ಎರಡನೆಯ ದಿನ ಆಸ್ಥಾನದ ಪಂಡಿತ ಆಡಿದ. ಯಾರೂ ಕಾಣದ ತಂತ್ರ ಹೂಡಿ, ಅದರಲ್ಲೇ ಸಿಕ್ಕಿಕೊಂಡು ಕಲ್ಲಾದ. ಮೂರನೆಯ ದಿನ ಬಡಗಿ ಕಾಳೋಜನ ಮಗಳು ಮಲ್ಲಬ್ಬೆ ಎದ್ದು ನಿಂತಳು.

"ಎಲ್ಲಿ ಆಡಿದ್ದೀಯೆ, ಮಗಳೇ?" ರಾಣಿ ಕೇಳಿದಳು.

"ನಮ್ಮ ಕೇರಿಯ ಚಾವಡಿಯಲ್ಲಿ, ತಾಯೀ. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಹಿರಿಯರ ಕಾಲದ ಕಾವಲಿನ ಆಟವೊಂದೇ ನನಗೆ ಗೊತ್ತು."

ಮಾಂತ್ರಿಕ ನಕ್ಕು ಕಾಲಾಳನ್ನು ಹಾಸಿನ ನಡುಮನೆಗೆ ನಡೆಸಿದ. ಮಲ್ಲಬ್ಬೆ ತನ್ನ ಕಾಲಾಳನ್ನು ಅದಕ್ಕೆ ಎದುರಾಗಿ ನಿಲ್ಲಿಸಿದಳು. ಹಿಂದೆ ಕುದುರೆಯ ಬೆಂಬಲ ಕೊಟ್ಟಳು. ರಾಜನನ್ನು ಮೂಲೆಗೆ ಸರಿಸಿ, ಆನೆ ಕಾಯುವ ಕೋಟೆಯೊಳಗೆ ಸೇರಿಸಿದಳು.

ಬಿಳಿಯಾನೆ ನೆಲ ನಡುಗುವಂತೆ ಘೀಳಿಟ್ಟಿತು. ಅವಳ ಕಾಲಾಳು ಕದಲಲಿಲ್ಲ.

ಬಿಳಿಕುದುರೆ ಹತ್ತಿರ ಬಂದು ತಲೆತಗ್ಗಿಸಿ, "ನನ್ನನ್ನು ಹೊಡಿ" ಎಂದಿತು. ಹೊಡೆದರೆ ಮಾಂತ್ರಿಕನ ಒಂಟೆಗೆ ದಾರಿ ತೆರೆಯುತ್ತದೆಂದು ಅವಳು ಕಂಡಳು. ಮುಟ್ಟಲಿಲ್ಲ.

ಆಗ ಮಾಂತ್ರಿಕನೇ ಬಾಗಿ ಪಿಸುಗುಟ್ಟಿದ: "ಆಟ ಬಿಟ್ಟೇಳು. ನಿನ್ನನ್ನೂ ನಿನ್ನಪ್ಪನನ್ನೂ ಉಳಿಸುತ್ತೇನೆ."

ಮಲ್ಲಬ್ಬೆ ಜನರ ನಡುವೆ ನಿಂತ ಅಪ್ಪನತ್ತ ನೋಡಿದಳು. ಆದರೂ ಅವಳು, "ಉಳಿದವರೂ ನಮ್ಮವರೇ. ನಡೆ ನಿನ್ನದು, ಆಡು" ಎಂದಳು.

ಮಾಂತ್ರಿಕ ಸಿಟ್ಟಿಗೆದ್ದು ಇದ್ದಬದ್ದ ಕಾಯಿಗಳನ್ನೆಲ್ಲ ಕೋಟೆಯ ಮೇಲೆ ನುಗ್ಗಿಸಿದ. ಕೋಟೆ ಬೀಳಲಿಲ್ಲ. ಅವನ ರಾಜನೇ ಒಂಟಿಯಾದ. ಕರಿಕುದುರೆ ಹಾರಿತು, ಕರಿಯಾನೆ ನೇರ ನುಗ್ಗಿತು. ಬಿಳಿರಾಜನಿಗೆ ಅಡಿಯಿಡಲು ಒಂದು ಮನೆಯೂ ಉಳಿಯಲಿಲ್ಲ.

ಬೆಳ್ಗಣ್ಣ ಸುಣ್ಣದ ಪುಡಿಯಾಗಿ ಗಾಳಿಗೆ ಹಾರಿಹೋದ. ಕಲ್ಲಾಗಿದ್ದ ಸೇನಾಪತಿ, ಪಂಡಿತ ಇಬ್ಬರೂ ಉಸಿರೆಳೆದು ಎದ್ದರು. ಸೇನಾಪತಿ ತನ್ನ ಪೇಟ ತೆಗೆದು ಮಲ್ಲಬ್ಬೆಯ ತಲೆಗಿಟ್ಟ.

"ಈ ಆಟ ಕಲಿಸಿದವರು ಯಾರು?" ರಾಣಿ ಕೇಳಿದಳು.

ಜನರ ನಡುವಿನಿಂದ ಕಾಳೋಜ ಎದೆಯೆತ್ತಿ ಬಂದ. "ನಾನೇ, ತಾಯೀ. ಆದರೆ ನಾನಾಗಿದ್ದರೆ ಆ ಕುದುರೆಯನ್ನು ಹೊಡೆದುಬಿಡುತ್ತಿದ್ದೆ."

ಊರೆಲ್ಲ ನಕ್ಕಿತು. ಅಂದಿನಿಂದ ಹೊನ್ನಕೋಟೆಯವರು ತಲೆಯೆತ್ತಿ, ಸುಖವಾಗಿ ಬಾಳಿದರು.