ಹನ್ನೊಂದು ಡಬ್ಬಗಳ ಸಾಲು

"ಅಡುಗೆಮನೇಲಿ ಏನೇ ಅದು ಸದ್ದು?" ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೇಳಿದರು.

"ಏನಿಲ್ಲ ಅಜ್ಜಿ, ನೀರು ಕುಡೀತಾ ಇದೀನಿ," ಎಂದಳು ಶಾಂಭವಿ.

ನೀರು ಕುಡಿಯಲು ಯಾರೂ ಸ್ಟೂಲು ಹತ್ತುವುದಿಲ್ಲ. ಅವಳು ಹತ್ತಿದ್ದಳು. ಒಂದು ಕೈಯಲ್ಲಿ ಅಪ್ಪನ ಫೋನು, ಇನ್ನೊಂದರಲ್ಲಿ ಸಕ್ಕರೆ ಡಬ್ಬ.

ಇದೆಲ್ಲ ಐದನೇ ಕ್ಲಾಸಿನ ತನುಜ ಮಿಸ್ ಕೊಟ್ಟ ಪ್ರಾಜೆಕ್ಟು. ಹೆಸರು 'ಹಿರಿಯರಿಗೆ ನೆರವು'. ಸಹಾಯ ಮಾಡುವ ಮೊದಲು ಒಂದು ಫೋಟೊ, ಮಾಡಿದ ಮೇಲೆ ಒಂದು ಫೋಟೊ, ಎರಡನ್ನೂ ಕ್ಲಾಸಿನ ಗ್ರೂಪಿಗೆ ಹಾಕಬೇಕು. ಆ ವಾರ ಚಿಂತಾಮಣಿ ಊರಿನ ಅಜ್ಜಿ ತಾತಂದಿರಿಗೆ ನೆಮ್ಮದಿ ಇರಲಿಲ್ಲ. ಅವಳ ಕ್ಲಾಸಿನ ಕೇಶವ್ ತನ್ನ ತಾತ ವೆಂಕಟರವಣಪ್ಪನವರನ್ನು ಕೈಹಿಡಿದು ರಸ್ತೆ ದಾಟಿಸಿದ. ತಾತನಿಗೆ ಆ ಕಡೆ ಏನೂ ಕೆಲಸವಿರಲಿಲ್ಲ. ಫೋಟೊ ಚೆನ್ನಾಗಿ ಬಂತೆಂದು ಕೇಶವ್ ಕುಣಿಯುತ್ತಾ ಮನೆಗೆ ಓಡಿದ, ತಾತ ಒಬ್ಬರೇ ವಾಪಸ್ ದಾಟಿದರು.

ತಾನು ಅಷ್ಟು ಪೆದ್ದಿಯಲ್ಲ ಎಂದು ಶಾಂಭವಿ ಅಂದುಕೊಂಡಿದ್ದಳು.

ಅವಳ ಅಜ್ಜಿ ಅಮ್ಮಾಜಮ್ಮನವರಿಗೆ ಎರಡು ವರ್ಷದಿಂದ ಕಣ್ಣು ಮಂಜು. ಎದುರಿಗೆ ನಿಂತವರು ನೆರಳಿನ ಹಾಗೆ ಕಾಣುತ್ತಾರೆ. ಆದರೂ ಮನೆಯ ಅಡುಗೆ ಅವರದೇ. ಪಾಪ ಅಜ್ಜಿ ಎಂದುಕೊಂಡು ಶಾಂಭವಿ ಶೆಲ್ಫಿನ ಹನ್ನೊಂದು ಸ್ಟೀಲ್ ಡಬ್ಬಗಳನ್ನೂ ಇಳಿಸಿ, ಒರೆಸಿ, ಹೊಸದಾಗಿ ಜೋಡಿಸಿದಳು. ತನಗೆ ಇಷ್ಟವಾದ ಸಕ್ಕರೆ ಮೊದಲು, ಉಪ್ಪು ಕೊನೆಗೆ. ಸ್ಕೆಚ್ ಪೆನ್ನಿನಲ್ಲಿ ಹೆಸರು, ಹೂ ಬರೆದ ಲೇಬಲ್ ಬೇರೆ ಅಂಟಿಸಿದಳು. ಅದನ್ನು ಓದಲು ಕಣ್ಣು ಕಾಣಬೇಕು ಎನ್ನುವುದೊಂದನ್ನು ಬಿಟ್ಟು ಅವಳು ಎಲ್ಲವನ್ನೂ ಯೋಚಿಸಿದ್ದಳು.

ಫೋಟೊ ಹೋದ ಐದು ನಿಮಿಷಕ್ಕೆ ಮಿಸ್ ಮೂರು ಸ್ಟಾರ್ ಕಳಿಸಿದರು.

ಅಮ್ಮ ಮದುವೆಗೆಂದು ಗೌರಿಬಿದನೂರಿಗೆ ಹೋಗಿದ್ದರಿಂದ ಮಧ್ಯಾಹ್ನ ಊಟಕ್ಕೆ ಮೂವರೇ. ಅಪ್ಪ ರಮೇಶ್‌ಬಾಬು ಮುದ್ದೆ ಮುರಿದು, ಅವರೆಕಾಳು ಸಾರಿನಲ್ಲಿ ಅದ್ದಿ ನುಂಗಿದರು. ಮುಖ ಒಂಥರಾ ಆಯಿತು.

"ಏನಮ್ಮ ಇದು, ಪಾಯಸ ಮಾಡಿದೀಯಾ?"

ಅಜ್ಜಿ ಬಡಿಸುವ ಮೊದಲು ರುಚಿ ನೋಡುವವರಲ್ಲ, ಎಂಜಲಾಗುತ್ತದೆ ಎನ್ನುತ್ತಾರೆ. ಈಗ ಬೆರಳದ್ದಿ ನೆಕ್ಕಿದರು. "ಸಕ್ಕರೆ ಬಿದ್ದೈತೆ. ಖಾರ ಬೆಳಿಗ್ಗೇನೇ ರುಬ್ಬಿಟ್ಟಿದ್ದೆ, ಆಮೇಲೆ ಹಾಕಿದ್ದು ಉಪ್ಪೊಂದೇ. ಎಡಗಡೆ ಮೊದಲ್ನೇ ಡಬ್ಬಾನೇ ತಗೊಂಡೆನಲ್ಲಪ್ಪ, ಉಪ್ಪಿಂದು."

ಅಪ್ಪ ಶೆಲ್ಫಿನ ಕಡೆ ತಿರುಗಿಯೂ ನೋಡಲಿಲ್ಲ. "ನಿಂಗೆ ವಯಸ್ಸಾಯ್ತು ಕಣಮ್ಮ. ಇವತ್ತು ಸಕ್ಕರೆ, ನಾಳೆ ಗ್ಯಾಸ್ ಆಫ್ ಮಾಡೋದು ಮರೀತೀಯ. ಇನ್ಮೇಲೆ ಒಲೆ ಮುಟ್ಬೇಡ. ಹೋಟ್ಲಿಂದ ಕ್ಯಾರಿಯರ್ ತರಿಸ್ತೀನಿ. ನೀನು ಆರಾಮಾಗಿ ಕೂತ್ಕೊ."

ಆರಾಮ ಎನ್ನುವುದನ್ನು ಅಪ್ಪ ಬಹುಮಾನ ಕೊಟ್ಟ ಹಾಗೆ ಹೇಳಿದರು.

"ಸರಿ ಬಿಡಪ್ಪ," ಎಂದರು ಅಜ್ಜಿ, ಬಹಳ ಮೆಲ್ಲಗೆ.

ಶಾಂಭವಿ ಆಗಲೇ ಹೇಳಬೇಕಿತ್ತು. ಹೇಳಿದರೆ ಮೂರು ಸ್ಟಾರ್ ಹೋಗುತ್ತವೆಂದು ಹೆದರಿ ಸುಮ್ಮನಾದಳು.

ಸಂಜೆ ಅಜ್ಜಿ ಮಂಚದ ಮೇಲೆ ಕೂತು, ಬೆರಳು ಮಡಚುತ್ತಾ ಏನೋ ಹೇಳಿಕೊಳ್ಳುತ್ತಿದ್ದರು. ಜಪವಿರಬೇಕು ಎಂದು ಶಾಂಭವಿ ಹತ್ತಿರ ಹೋದಳು.

"ಉಪ್ಪು, ಸಕ್ಕರೆ, ಮೆಣಸಿನಪುಡಿ, ಧನಿಯ..." ಅಜ್ಜಿ ನಿಲ್ಲಿಸಿದರು. "ಎಲ್ಲಾ ಗ್ಯಾಪಕ ಐತಲ್ಲೇ. ಹಂಗಾದ್ರೆ ಕೈ ಹೆಂಗೆ ತಪ್ತು? ನನ್ ತಲೇನೇ ಕೆಟ್ಟೋಯ್ತೇನೋ."

ಅಜ್ಜಿಯ ದನಿ ನಡುಗುತ್ತಿತ್ತು. ಅಜ್ಜಿ ಹೆದರಿದ್ದನ್ನು ಶಾಂಭವಿ ಎಂದೂ ನೋಡಿರಲಿಲ್ಲ. ಸ್ಟಾರ್ ಹಾಳಾಗಲಿ ಅನ್ನಿಸಿತು.

"ನಿನ್ ತಲೆ ಸರಿಯಾಗಿದೆ ಅಜ್ಜಿ. ಡಬ್ಬ ಎಲ್ಲಾ ನಾನೇ ಬದಲಾಯಿಸ್ದೆ. ಪ್ರಾಜೆಕ್ಟಿಗೆ."

ಅಜ್ಜಿ ಮೊದಲು ಉಸಿರು ಬಿಟ್ಟರು. ಆಮೇಲೆ ಬೈದರು. "ನನ್ನ ಒಂದು ಮಾತು ಕೇಳ್ಬಾರ್ದಿತ್ತಾ? ಕಣ್ಣು ಹೋಗೈತೆ ಕಣೇ, ಬಾಯಿ ಹೋಗಿಲ್ಲ. ಏಳು, ಸ್ಟೂಲು ಹತ್ತು."

ಅಜ್ಜಿ ಅಡುಗೆಮನೆಯ ನಡುವೆ ನಿಂತು ಹೇಳುತ್ತಾ ಹೋದರು, ಶಾಂಭವಿ ಜೋಡಿಸುತ್ತಾ ಹೋದಳು. ಉಪ್ಪಿನಿಂದ ಮೆಂತ್ಯದವರೆಗೆ ಹನ್ನೊಂದು ಡಬ್ಬ, ಅಜ್ಜಿ ಎಲ್ಲೂ ತಡವರಿಸಲಿಲ್ಲ. ಸದ್ದು ಕೇಳಿ ಬಂದ ಅಪ್ಪ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

"ಆದ್ರೂ ಅಮ್ಮ, ರಿಸ್ಕ್ ಯಾಕೆ ಅಂತ..."

"ಅಪ್ಪ, ನಿಮ್ಮ ಕನ್ನಡಕ ನಾನು ಬಚ್ಚಿಡ್ತೀನಿ," ಎಂದಳು ಶಾಂಭವಿ. "ನಾಳೆ ಆಫೀಸಲ್ಲಿ ನೀವು ಏನಾದ್ರೂ ತಪ್ಪು ಬರೆದ್ರೆ, ನಿಮ್ಮನ್ನೂ ಆರಾಮಾಗಿ ಕೂರ್ಸೋಣ್ವಾ?"

ಅಪ್ಪನ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು. ಕ್ಯಾರಿಯರ್ ಮಾತು ಮತ್ತೆ ಬರಲಿಲ್ಲ.

"ಲೇಬಲ್ ಕಿತ್ತಾಕ್ಲಾ ಅಜ್ಜಿ?"

"ಇರ್ಲಿ ಬಿಡು, ನಿಮ್ಮಪ್ಪ ಓದ್ಕೊಳ್ಲಿ. ಕಾಫಿಪುಡಿ ಎಲ್ಲೈತೆ ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ."

ಮರುದಿನ ಬೆಳಿಗ್ಗೆ ಉಪ್ಪಿಟ್ಟು. ಗ್ಯಾಸ್ ಲೈಟರ್ ಇದ್ದ ಜಾಗದಿಂದ ಒಂದು ಗೇಣು ಆಚೆ ಸರಿದಿತ್ತು. ಅಜ್ಜಿಯ ಬೆರಳು ಕಟ್ಟೆಯ ಮೇಲೆ ತಡಕಾಡುತ್ತಿತ್ತು. ಶಾಂಭವಿಯ ಕೈ ಮೇಲೆದ್ದಿತು.

"ಕೊಡ್ಲಾ ಅಜ್ಜಿ?"

"ಬೇಕಾದ್ರೆ ಕೇಳ್ತೀನಿ."

ಶಾಂಭವಿ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಹನ್ನೊಂದು ಡಬ್ಬ ಒರೆಸಿದಾಗಲೂ ಇಷ್ಟು ಕಷ್ಟವಾಗಿರಲಿಲ್ಲ. ಅಜ್ಜಿಯ ಬೆರಳು ಇನ್ನೊಂದು ಸ್ವಲ್ಪ ಸರಿದು, ಲೈಟರಿಗೆ ತಗುಲಿತು. ಒಲೆ ಹತ್ತಿತು.

ಅಷ್ಟರಲ್ಲಿ ಅಪ್ಪನ ಫೋನಿಗೆ ಮಿಸ್ ಮೆಸೇಜ್ ಬಂತು. ಇವತ್ತು ಯಾರು ಏನು ಸಹಾಯ ಮಾಡಿದಿರಿ, ಫೋಟೊ ಹಾಕಿ ಎಂದು.

ಶಾಂಭವಿಯ ಹತ್ತಿರ ಫೋಟೊ ಇರಲಿಲ್ಲ. ಯಾರಾದರೂ ತೆಗೆದಿದ್ದರೂ ಅದರಲ್ಲಿ ಕಾಣುತ್ತಿದ್ದದ್ದು ಒಲೆ ಮುಂದೆ ಒಬ್ಬ ಅಜ್ಜಿ, ಪಕ್ಕದಲ್ಲಿ ಸುಮ್ಮನೆ ಕೂತ ಒಬ್ಬಳು ಹುಡುಗಿ, ಅಷ್ಟೇ.