ಧಾರವಾಡಕ್ಕೆ ಹೋಗು ಅಂದವನು

ಕಲ್ಲಿಗೆ ಎಣ್ಣೆ ಸುರಿದವನು ನಾನೇ. ಸುರಿಯುವಾಗ ಅದು ಪುಣ್ಯದ ಕೆಲಸ ಅನ್ನಿಸಿತ್ತು, ಏನು ಮಾಡಲಿ?

ಅವತ್ತು ಶನಿವಾರ. ಪುಣೆಯ ಹತ್ತಿರ, ಭೋರ್ ದಾಟಿ ಸ್ವಲ್ಪ ಒಳಗಿರುವ ಹಳ್ಳಿ. ಬೇವಿನ ಮರದ ಕೆಳಗೆ ಒಂದು ವೀರಗಲ್ಲು. ಊರಿನವರಿಗೆ ಅದು ದೇವರು. ನನ್ನ ಜೊತೆ ಬಂದಿದ್ದ ತ್ರಿವೇಣಿಗೆ ಮಾತ್ರ ಅದರ ಬುಡದಲ್ಲಿ ಕೆತ್ತಿದ ಹಳೆಗನ್ನಡದ ಸಾಲುಗಳೇ ಮುಖ್ಯ. ಅವಳು ನೀರು ತರಲು ಹೋಗಿದ್ದಳು. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ನನ್ನ ಕೈಗೆ ಎಣ್ಣೆಯ ಬಟ್ಟಲು ಕೊಟ್ಟು, "ಘಾಲಾ, ಘಾಲಾ" ಎಂದರು. ಹಾಕು ಅಂತ. ಚನ್ನಪಟ್ಟಣದ ಹುಡುಗನಿಗೂ ಅಷ್ಟು ಮರಾಠಿ ಅರ್ಥವಾಗುತ್ತದೆ. ಕಣ್ಣು ಮುಚ್ಚಿ ಧಾರಾಳವಾಗಿ ಸುರಿದೆ. ದೇವರಲ್ಲಿ ಬೇಡಿಕೊಂಡದ್ದೂ ತ್ರಿವೇಣಿಯನ್ನೇ.

ಕಣ್ಣು ಬಿಟ್ಟರೆ ಎದುರಿಗೆ ತ್ರಿವೇಣಿ. ಕೈಯಲ್ಲಿ ಬಕೆಟ್, ಮುಖ ಕೆಂಡ.

"ಏನ್ ಮಾಡಿದ್ರಿ ನೀವು?"

"ಪೂಜೆ..."

"ಎಣ್ಣಿ ಕಲ್ಲಿಗೆ ಕಾಗದ ಹೆಂಗ ಅಂಟ್ತದ್ರಿ? ಭಾಳ ಶಾಣ್ಯಾ ಇದ್ದೀರಿ ಬಿಡ್ರಿ!"

ನಾವು ಬಂದದ್ದು ಆ ಅಕ್ಷರಗಳ ಅಚ್ಚು ತೆಗೆಯಲು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿ ಒತ್ತಿದರೆ ಅಕ್ಷರಗಳು ಬೆಳ್ಳಗೆ ಮೂಡುತ್ತವಂತೆ. ತ್ರಿವೇಣಿ ವಿಜಯಪುರದ ಕಡೆಯವರ ಮಗಳು, ಆದರೆ ಹುಟ್ಟಿ ಬೆಳೆದದ್ದೆಲ್ಲ ಪುಣೆ. ತಂದೆ ಬಸವಪ್ರಭು ಅವರದು ಲಕ್ಷ್ಮೀ ರಸ್ತೆಯಲ್ಲಿ ಬಟ್ಟೆ ಅಂಗಡಿ. ಅವಳು ಬಿ.ಕಾಂ. ಓದುತ್ತಿದ್ದಳು, ಈಗ ಅದನ್ನು ಬಿಟ್ಟು ಇತಿಹಾಸದ ಬಿ.ಎ.ಗೆ ಟ್ರಾನ್ಸ್‌ಫರ್ ಆಗುವ ಹಂಚಿಕೆ. ಇಂಟರ್‌ವ್ಯೂನಲ್ಲಿ ತೋರಿಸಲು ಅವಳಿಗೆ ಈ ಅಚ್ಚು ಬೇಕಿತ್ತು. ಪುಣೆಯ ಹಿಂಜೆವಾಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವ ನಾನು, ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತ ತಪ್ಪಿಗೆ, ಅವಳ ಖಾಯಂ ಡ್ರೈವರ್ ಆಗಿದ್ದೆ.

ಅಜ್ಜಿ ನಕ್ಕು ಸೀಗೆಪುಡಿ ತಂದುಕೊಟ್ಟರು. ದೇವರಿಗೂ ಒಂದು ತಲೆಸ್ನಾನ ಆಗಲಿ ಅಂದರಂತೆ. ತಿಕ್ಕುವ ಕೆಲಸ ಯಾರದು ಎಂದು ಕೇಳುವ ಹಾಗೇ ಇರಲಿಲ್ಲ.

"ಮೆತ್ತಗ ತಿಕ್ರಿ. ಅಕ್ಷರ ಸವದ್ರ ಅದರ ಜೋಡಿ ನಿಮ್ಮನ್ನೂ ಇಲ್ಲೇ ನಿಲ್ಲಿಸಿ ಹೋಗ್ತೀನಿ."

"ಎಣ್ಣೆ ಹಾಕೋಕೆ ಬರ್ತೀರಾ, ಪ್ರತಿ ಶನಿವಾರ?"

ಅವಳು ಬೇರೆ ಕಡೆ ನೋಡಿದಳು. ನಗು ತಡೆಯುವಾಗ ಅವಳ ಕೆಳತುಟಿ ಒಂದು ಮೂಲೆಯಲ್ಲಿ ಒಳಗೆ ಹೋಗುತ್ತದೆ. ಅದನ್ನು ನೋಡಲು ನಾನು ಇನ್ನೂ ಹತ್ತು ಕಲ್ಲು ತಿಕ್ಕಿಯೇನು.

ಕಾಗದ ಅಂಟಿತು, ಅವಳು ತಟ್ಟಿ ಮಸಿ ಒತ್ತಿದಳು. ಬಿಳಿ ಅಕ್ಷರಗಳು ಒಂದೊಂದೇ ಎದ್ದವು. ಒಂದು ಹೆಸರನ್ನು ತಡವರಿಸುತ್ತಾ ಓದಿದಳು: "ಮಾ... ರ... ಯ್ಯ. ಯಾರೋ ಮಾರಯ್ಯ ಅಂತ್ರಿ! ದನಾ ಕಾಯಾಕ ಹೋಗಿ ಸತ್ತಾನ. ಇಷ್ಟು ದಿನಾ ಇವನ ಹೆಸರು ಯಾರೂ ಕರದಿಲ್ಲ ನೋಡ್ರಿ." ಅವಳ ಕಣ್ಣು ತುಂಬಿತ್ತು. ಯಾವ ಕಾಲದಲ್ಲೋ ಸತ್ತ ದನಗಾಹಿಗಾಗಿ ಅಳುವ ಹುಡುಗಿಯನ್ನು ನಾನು ಇದುವರೆಗೆ ಕಂಡಿರಲಿಲ್ಲ.

ಕಾಗದ ಒಣಗುವ ತನಕ ಕಾಯಬೇಕು. ಮರದ ಬುಡದಲ್ಲಿ ಕೂತೆವು.

"ಕೆನ್ನೆ ಮೇಲೆ ಮಸಿ ಇದೆ."

"ಇರಲಿ. ನಿಮ್ಮ ಎಣ್ಣಿ ಕೈಲೆ ಒರಸಬ್ಯಾಡ್ರಿ."

ಮುಂದಿನ ಓದಿನ ಮಾತನ್ನು ಅವಳೇ ತೆಗೆದಳು. ಪುಣೆಯ ಕಾಲೇಜಿನಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ, ಆದರೆ ಅಲ್ಲಿ ಶಾಸನದ ಪಾಠವೇ ಇಲ್ಲ. ಧಾರವಾಡದಲ್ಲಿ ಫಕೀರಪ್ಪ ಮೇಷ್ಟ್ರು ಶಾಸನ ಓದಲು ಕಲಿಸುತ್ತಾರೆ. ಅವಳು ಕಳಿಸಿದ ಈ ಕಲ್ಲಿನ ಫೋಟೊ ನೋಡಿ ಅವರೇ ಕರೆದಿದ್ದಾರೆ. ಆದರೆ ಅಲ್ಲಿ ಮೊದಲ ವರ್ಷದಿಂದ ಶುರು ಮಾಡಬೇಕು.

"ಅಪ್ಪಾ ಅಷ್ಟು ದೂರ ಕಳಸಂಗಿಲ್ರಿ. ಇಲ್ಲೇ ಸೇರ್ಕೊಂಡ್ರಾತು ಅಂತ." ಅವಳು ನೆಲದ ಮೇಲೆ ಕಡ್ಡಿಯಿಂದ ಗೀಚುತ್ತಿದ್ದಳು. "ನೀವ್ ಏನಂತೀರಿ?"

ಪುಣೆ ಎಂದು ಒಂದು ಮಾತು ಅಂದರೆ ಸಾಕಿತ್ತು. ನನಗೆ ಬೇಕಾಗಿದ್ದೂ ಅದೇ. ರಜೆಯ ದಿನದ ಸುತ್ತಾಟ, ಬೈಕಿನ ಹಿಂದಿನಿಂದ ಕೇಳುವ ಬೈಗುಳ, ಎಲ್ಲ ಹಾಗೇ ಉಳಿಯುತ್ತಿತ್ತು. ಆದರೆ ಮಾರಯ್ಯನ ಹೆಸರು ಓದಿದಾಗಿನ ಅವಳ ಮುಖವನ್ನು ನಾನು ಈಗಷ್ಟೇ ನೋಡಿದ್ದೆ.

"ಧಾರವಾಡ" ಎಂದೆ.

ಕಡ್ಡಿ ನಿಂತಿತು. "ಇಷ್ಟ ಲಗೂನ? ನಾ ಹೋದ್ರ ನಿಮಗೇನೂ ಅನಸಂಗಿಲ್ಲ?"

"ಅನ್ಸುತ್ತೆ ತ್ರಿವೇಣಿ. ತುಂಬಾ ಅನ್ಸುತ್ತೆ. ನೀವಂದ್ರೆ ನಂಗೆ ತುಂಬಾ ಇಷ್ಟ. ಇಲ್ದಿದ್ರೆ ಈ ಬಿಸಿಲಲ್ಲಿ ಕಲ್ಲು ತಿಕ್ಕೋಕೆ ನಂಗೇನು ತಲೆ ಕೆಟ್ಟಿದ್ಯಾ? ಆದ್ರೆ ನಿಮಗೆ ಬೇಕಾದ್ದು ಇಲ್ಲಿಲ್ಲ. ಅಪ್ಪನ ಹತ್ರ ಇನ್ನೊಂದ್ಸಲ ಮಾತಾಡಿ. ಬೇಕಾದ್ರೆ ನಾನೂ ಬಂದು ಕೇಳ್ತೀನಿ."

ಅವಳು ಕಡ್ಡಿಯನ್ನು ಬಿಸಾಡಿದಳು. ಆಮೇಲೆ, "ಕೈ ಮಸಿ ಆಗ್ಯಾವ, ಅಪ್ಪಗ ಫೋನ್ ಹಚ್ರಿ" ಎಂದಳು. ಅವಳ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದೆ.

"ಅಪ್ಪಾ, ನಾ ಧಾರವಾಡಕ್ಕ ಹೋಗ್ತೀನಿ."

"ಏ ಹುಚ್ಚಿ, ನಾ ಮೊದಲಿಂದ ಹೇಳಿದ್ದೇನು?" ಆ ಕಡೆಯಿಂದ ದೊಡ್ಡ ದನಿ. "ಅತ್ತಿ ಮನಿ ಅದ, ಛಲೋ ಮಾಸ್ತರ ಇದ್ದಾರ, ಹೋಗವಾ ಅಂದ್ರ, ಪುಣೆ ಬಿಡಂಗಿಲ್ಲ ಅಂತ ಹಟಾ ಹಿಡದಾಕಿ ನೀನ!"

ನಾನು ಅವಳನ್ನು ನೋಡಿದೆ. ಅವಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದಳು. ಮಸಿ ದುಪಟ್ಟಾಕ್ಕೂ ಹತ್ತಿತು.

"ಈಗ ಯಾರವಾ ಮನಸ್ಸು ತಿರಗಿಸಿದವ್ರು? ಯಾವ ಹುಡುಗನ ಸಲುವಾಗಿ ಹಟಾ ಮಾಡ್ತಿದ್ದೆಲ್ಲ, ಅವನಽ ಏನು?"

"ಹ್ಞೂಂ."

"ಅವಗ ಫೋನ್ ಕೊಡು."

ಫೋನು ನನ್ನ ಕೈಯಲ್ಲೇ ಇತ್ತು. "ನಮಸ್ಕಾರ ಸರ್. ಮಿಥುನ ಅಂತ."

"ಹೋಗು ಅಂದವ ನೀನೇನಪಾ?"

"ಹೌದು ಸರ್."

"ಇರು ಅಂದಿದ್ರ ಇರ್ತಿದ್ಲು. ಗೊತ್ತಿತ್ತಿಲ್ಲೋ?"

"ಗೊತ್ತಿತ್ತು ಸರ್."

ಅಂಗಡಿಯ ಗದ್ದಲ ಮಾತ್ರ ಕೇಳಿಸುತ್ತಿತ್ತು.

"ಹಂಗಾದ್ರ ನಾಳೆ ಮನಿಗೆ ಊಟಕ್ಕ ಬಾ. ಶೇಂಗಾ ಹೋಳಿಗಿ ಮಾಡಸ್ತೀನಿ." ಫೋನ್ ಇಟ್ಟರು.

ದುಪಟ್ಟಾದ ಒಳಗಿನಿಂದ ಸಣ್ಣ ದನಿ ಬಂತು. "ಸಿಟ್ಟು ಬಂತೇನ್ರಿ?"

"ಅಪ್ಪನ ಮೇಲೆ ಹಾಕಿ ಸುಳ್ಳು ಹೇಳಿದ್ರಲ್ಲ."

"ನೀವು ಇರು ಅಂತೀರಿ ಅಂತ ತಿಳ್ಕೊಂಡಿದ್ದೆ."

ಅವಳು ಮಸಿಗೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ಹಿಡಿದ ಮೇಲೆಯೇ ನನಗೆ ಸರಿಯಾಗಿ ತಿಳಿದದ್ದು, ಮಳೆಗಾಲ ಬರುವಷ್ಟರಲ್ಲಿ ಅವಳು ಪುಣೆಯಲ್ಲಿ ಇರುವುದಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಈಗ ಮತ್ತ ಇರು ಅನ್ನಬ್ಯಾಡ್ರಿ ನೋಡ್ರಿ," ಎಂದಳು. "ಅಂದ್ರ ಖರೇನ ಇದ್ದುಬಿಡ್ತೀನಿ."

ನಾನು ಅನ್ನಲಿಲ್ಲ.