ಮದುವೆ ಗಾಡಿಗೆ ಹೊಸ ಕಾಯಿಲ್

"ಒದ್ದೆ ಬಟ್ಟೆ ಸಾಕಿತ್ತಲ್ಲ ಮಾರಾಯ, ಹೊಸ ಕಾಯಿಲ್ ಎಂತಕ್ಕೆ?" ಎಂದಳು ಅಶ್ಮಿತಾ.

ಕೌಶಲ್ ಬಾನೆಟ್ಟಿನೊಳಗಿಂದ ತಲೆ ಎತ್ತಲಿಲ್ಲ. "ಮದುವೆ ಗಾಡಿ. ದಾರಿಯಲ್ಲಿ ನಿಲ್ಲಬಾರದು."

ಮದುವೆ ಅವಳದ್ದೇ. ಗಾಡಿ ಅವಳ ಸೋದರಮಾವ ಲೋಕಯ್ಯನವರ ಹಳೆಯ ಫಿಯೆಟ್. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾದರೆ ಸಾಕು, ಎಲ್ಲೆಂದರಲ್ಲಿ ನಿಂತುಬಿಡುತ್ತಿತ್ತು. ಅವಳು ಫೋನ್ ಮಾಡಿದರೆ ಕಾಟಿಪಳ್ಳದ ಗ್ಯಾರೇಜಿನಿಂದ ಕೌಶಲ್ ಬೈಕಿನಲ್ಲಿ ಬಂದು ಕಾಯಿಲಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದ. ಅದು ತಣಿಯುವವರೆಗೆ ಇಬ್ಬರೂ ರಸ್ತೆ ಬದಿಯಲ್ಲಿ ಮಾತಾಡುತ್ತ ನಿಲ್ಲುತ್ತಿದ್ದರು. ತಣಿದ ಮೇಲೂ ಅವನು ಬಟ್ಟೆ ತೆಗೆಯುತ್ತಿರಲಿಲ್ಲ, ಅವಳೂ ತೆಗೆ ಎನ್ನುತ್ತಿರಲಿಲ್ಲ. ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಇವತ್ತು ಗ್ಯಾರೇಜಿನಲ್ಲಿ ಅವನು ಹಳೆಯ ವೈರುಗಳನ್ನೆಲ್ಲ ಕಿತ್ತು ಹೊಸತನ್ನು ಎಳೆಯುತ್ತಿದ್ದ. ಮೊಣಕೈವರೆಗೆ ಗ್ರೀಸ್, ಹುಬ್ಬಿನ ಮೇಲೆ ಬೆವರು. ಅದನ್ನು ಒರೆಸಬೇಕೆನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಹುಡುಗನ ಬಗ್ಗೆ ವಿಚಾರಿಸಿದ್ದು ನೀನಂತೆ? ಮಾವ ಹೇಳಿದ್ರು."

"ಹೌದು. ಮೋಕ್ಷಿತ್‌ನ ಮನೆ ಇಲ್ಲೇ ಹತ್ತಿರ ಅಲ್ವಾ? ಕೇಳಿ ನೋಡು ಅಂದ್ರು."

"ನೀನು ಎಂತ ಹೇಳಿದ್ದು?"

"ಒಳ್ಳೆ ಹುಡುಗ. ಕುಡಿಯುವುದಿಲ್ಲ. ದುಬೈಯಲ್ಲಿ ಒಳ್ಳೆ ಕೆಲಸ ಉಂಟು."

"ದೊಡ್ಡ ಹರಿಶ್ಚಂದ್ರ! ಒಂದು ಕುಂದು ಹೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಇಲ್ಲದ್ದನ್ನು ಹೇಗೆ ಹೇಳುವುದು?"

"ನಮ್ಮಿಬ್ಬರ ನಡುವೆ ಇರುವುದನ್ನಾದ್ರೂ ಹೇಳಬಹುದಿತ್ತಲ್ಲ."

ಕೌಶಲ್‌ನ ಕೈ ನಿಂತಿತು. ಅವಳನ್ನೇ ನೋಡಿದ. ಆ ನೋಟದಲ್ಲಿ ಎಲ್ಲವೂ ಇತ್ತು. ಬರೀ ನೋಟ ಇಟ್ಟುಕೊಂಡು ಹೆಣ್ಣು ಏನು ಮಾಡಬೇಕು?

"ಈ ಗ್ಯಾರೇಜಿಗೆ ಜಾಗ ಕೊಟ್ಟದ್ದು ಲೋಕಯ್ಯಣ್ಣ," ಎಂದ. "ನನ್ನನ್ನು ನಂಬಿ ಕೇಳಿದ್ರು, ಅಶ್ಮಿತಾ."

ಕೊನೆಯ ವೈರು ಸಿಕ್ಕಿಸಿ, ಸ್ಟಾರ್ಟ್ ಮಾಡು ಎಂದು ಕೈಸನ್ನೆ ಮಾಡಿದ. ಅವಳು ಡ್ರೈವರ್ ಸೀಟಿನಲ್ಲಿ ಕೂತು ಕೀ ತಿರುಗಿಸಿದ್ದೇ ತಡ, ಫಿಯೆಟ್ ಹೊಸ ಗಾಡಿಯ ಹಾಗೆ ಎದ್ದಿತು. ಅವನ ಮುಖದಲ್ಲಿ ಕೆಲಸ ಸರಿಯಾದ ಖುಷಿ ಕಂಡು ಅವಳ ಹೊಟ್ಟೆ ಉರಿಯಿತು.

"ಮದುವೆ ದಿನ ನಾನೇ ಓಡಿಸಬೇಕಂತೆ. ಲೋಕಯ್ಯಣ್ಣ ಹೇಳಿದ್ದಾರೆ."

ಅಶ್ಮಿತಾ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಳು. ಇನ್ನು ನಾಚಿಕೊಂಡು ಪ್ರಯೋಜನವಿರಲಿಲ್ಲ.

"ನೀನು ಓಡಿಸಿದ್ರೆ ನಾನು ಮದುವೆ ಹಾಲ್ ಹತ್ತಿರ ಇಳಿಯುವುದಿಲ್ಲ. ನೀನು ಎಲ್ಲಿಗೆ ಕರ್ಕೊಂಡು ಹೋದ್ರೂ ಬರ್ತೇನೆ."

ಅವನು ಬಾನೆಟ್ ಮುಚ್ಚಿದ. ಹಳೆ ಬನಿಯನ್ನಿನ ತುಂಡಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿದ. ಕಣ್ಣು ತುಂಬಿತ್ತು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಅವಳು ಉಸಿರು ಹಿಡಿದು ಕಾದಳು.

"ಹಾಗಾದ್ರೆ ಟ್ಯಾಕ್ಸಿ ಮುಖೇಶನಿಗೆ ಹೇಳ್ತೇನೆ," ಎಂದ ಕೌಶಲ್. "ಅವನೂ ಲಾಯ್ಕ ಓಡಿಸ್ತಾನೆ."